ಎನ್‌ಹ್ಯಾನ್ಸರ್ ಯಾವ ಜೀನ್‌ನದ್ದು? ಪೀಕ್-ಜೀನ್ ಜೋಡಿ ಹುಡುಕುವ ಸಮಗ್ರ ಮಾರ್ಗದರ್ಶಿ

ಟೂಲ್ ಓಡಿತು. ಎರರ್ ಒಂದೂ ಬರಲಿಲ್ಲ. ಕೊನೆಗೆ ಲಕ್ಷ ಸಾಲುಗಳ ಒಂದು ಫೈಲ್ ಕೈಗೆ ಬಂತು: ಈ ಪೀಕ್, ಆ ಜೀನ್, ಇಷ್ಟು ಅಂಕ. ಇದರಲ್ಲಿ ಯಾವುದನ್ನು ನಂಬಬೇಕು? ಇಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ. ತಪ್ಪು ಸಾಮಾನ್ಯವಾಗಿ ಟೂಲ್‌ನದ್ದಲ್ಲ, ಕೆಲಸದ ಕ್ರಮದ್ದು. ಜೀನ್ ಪಟ್ಟಿ ಸರಿಯಿದೆಯಾ ಅಂತ ನೋಡದೆ, ಹೋಲಿಸಿ ನೋಡಲು ಏನನ್ನೂ ಇಟ್ಟುಕೊಳ್ಳದೆ ನೇರವಾಗಿ ದೊಡ್ಡ ಟೂಲ್‌ಗೆ ಕೈ ಹಾಕಿದರೆ ಹೀಗೇ ಆಗುತ್ತದೆ.

ಅಟ್ಯಾಕ್-ಸೀಕ್ (ಡಿಎನ್‌ಎ ಎಲ್ಲೆಲ್ಲಿ ತೆರೆದಿದೆ ಎಂಬ ಅಳತೆ) ಮತ್ತು ಆರ್‌ಎನ್‌ಎ-ಸೀಕ್ (ಜೀನ್‌ಗಳ ಅಭಿವ್ಯಕ್ತಿಯ ಅಳತೆ) ಡೇಟಾವನ್ನು ಒಮ್ಮೆಯಾದರೂ ಮುಟ್ಟಿದವರಿಗಾಗಿ ಇದನ್ನು ಬರೆದಿದ್ದೇನೆ. ಎರಡು ಪದಗಳನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಎನ್‌ಹ್ಯಾನ್ಸರ್ ಅಂದರೆ ದೂರದಲ್ಲಿದ್ದುಕೊಂಡೇ ಒಂದು ಜೀನ್‌ನ ಅಭಿವ್ಯಕ್ತಿಯನ್ನು ಏರಿಸುವ ಡಿಎನ್‌ಎ ತುಣುಕು. ಪೀಕ್ ಅಂದರೆ ಕ್ರೊಮಾಟಿನ್ (ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ತೆರೆದುಕೊಂಡಿದೆ ಎಂದು ಡೇಟಾ ತೋರಿಸುವ ಜಾಗ. ಎಲ್ಲ ಪೀಕ್‌ಗಳೂ ಎನ್‌ಹ್ಯಾನ್ಸರ್ ಅಲ್ಲ. ಎನ್‌ಕೋಡ್ ಯೋಜನೆ 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ ಮನುಷ್ಯನ ಜೀನೋಮ್‌ಗೆ 9,26,535 ನಿಯಂತ್ರಕ ತುಣುಕುಗಳು ಅಭ್ಯರ್ಥಿಗಳಾಗಿ ನಿಂತಿವೆ. ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಎಲ್ಲವನ್ನೂ ಎಲ್ಲದಕ್ಕೂ ಸುಮ್ನೆ ಜೋಡಿಸುತ್ತಾ ಹೋದರೆ ಲೆಕ್ಕ ಎಲ್ಲಿ ಮುಟ್ಟುತ್ತದೆ ಅಂತ ಗೊತ್ತಾಯಿತು ಅಲ್ವಾ.

## ಏನೇನು ಬೇಕು

ಜೀನೋಮ್‌ನ ಜಾಗಗಳನ್ನು ಹೋಲಿಸಲು ಬೆಡ್‌ಟೂಲ್ಸ್, ರೀಡ್‌ಗಳ (ಯಂತ್ರ ಓದಿದ ಡಿಎನ್‌ಎ ಚೂರುಗಳ) ಫೈಲ್‌ಗಳಿಗೆ ಸ್ಯಾಮ್‌ಟೂಲ್ಸ್, ಪೀಕ್ ಹುಡುಕಲು ಮ್ಯಾಕ್ಸ್2, ಕಣ್ಣಿಂದ ನೋಡಲು ಐಜಿವಿ. ಒಂಟಿ ಕೋಶಗಳ ಡೇಟಾ ಇದ್ದರೆ ಆರ್ ಭಾಷೆಯಲ್ಲಿ ಸಿಗ್ನ್ಯಾಕ್ ಅಥವಾ ಆರ್ಚ್‌ಆರ್. ಜೊತೆಗೆ ಜೆನ್‌ಕೋಡ್‌ನ ಜಿಟಿಎಫ್ ಫೈಲ್ (ಜೀನ್‌ಗಳು ಎಲ್ಲೆಲ್ಲಿವೆ ಎಂಬ ಪಟ್ಟಿ) ಮತ್ತು ಎನ್‌ಕೋಡ್‌ನ ಬ್ಲ್ಯಾಕ್‌ಲಿಸ್ಟ್ (ಸುಳ್ಳು ಸಿಗ್ನಲ್ ಕೊಡುವ ಜಾಗಗಳ ಪಟ್ಟಿ) ಇರಲಿ.

ನಿಮ್ಮ ಸ್ವಂತ ಡೇಟಾ ಯಾವುದೇ ಇರಲಿ, ಮೊದಲ ಸಲ ಕೆ562 ಕೋಶಗಳ ಮೇಲೆ ಮಾಡಿ. ಇದು ಒಂದು ಬಗೆಯ ರಕ್ತದ ಕ್ಯಾನ್ಸರ್ ರೋಗಿಯಿಂದ ಬಂದ ಕೋಶ ಸಾಲು. ಅಟ್ಯಾಕ್-ಸೀಕ್, ಎಚ್3ಕೆ27ಎಸಿ (ಚಟುವಟಿಕೆಯಲ್ಲಿರುವ ಎನ್‌ಹ್ಯಾನ್ಸರ್‌ಗಳ ಬಳಿ ಕಾಣುವ ರಾಸಾಯನಿಕ ಗುರುತು), ಹೈ-ಸಿ (ಡಿಎನ್‌ಎಯ ಯಾವ ಭಾಗ ಯಾವುದರ ಜೊತೆ ಸಂಪರ್ಕದಲ್ಲಿದೆ ಎಂಬ ಅಳತೆ), ಆರ್‌ಎನ್‌ಎ-ಸೀಕ್ ಎಲ್ಲವೂ ಉಚಿತವಾಗಿ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಎನ್‌ಹ್ಯಾನ್ಸರ್‌ಗಳನ್ನು ಕ್ರಿಸ್ಪರ್‌ನಿಂದ (ಡಿಎನ್‌ಎಯಲ್ಲಿ ಬೇಕಾದ ಜಾಗಕ್ಕೇ ಗುರಿಯಿಡುವ ತಂತ್ರ) ಒಂದೊಂದಾಗಿ ಅದುಮಿ ನೋಡಿದ ದೊಡ್ಡ ಪ್ರಯೋಗಗಳು ಇದೇ ಕೋಶದಲ್ಲಿ ನಡೆದಿವೆ. ನಿಮ್ಮ ಉತ್ತರ ಸರಿಯೋ ತಪ್ಪೋ ಅಂತ ಇಲ್ಲಿ ಪರೀಕ್ಷಿಸಬಹುದು. ಬೇರೆ ಕಡೆ ಅಷ್ಟು ಸುಲಭವಲ್ಲ. ಅಭ್ಯಾಸಕ್ಕೆ 8ನೇ ಕ್ರೋಮೋಸೋಮ್ ಒಂದೇ ಸಾಕು.

## ಹಂತ 1: ಪ್ರಶ್ನೆ ಬರೆದುಕೊಂಡು ವಿಧಾನ ಆರಿಸಿ

ಕೈಯಲ್ಲಿರುವ ಡೇಟಾ ಯಾವ ಬಗೆಯದು ಎಂಬುದೇ ವಿಧಾನವನ್ನು ತೀರ್ಮಾನಿಸುತ್ತದೆ. ಪ್ರಸಿದ್ಧ ಟೂಲ್ ಯಾವುದು ಎಂಬುದಲ್ಲ.

ಒಂದೇ ಬಗೆಯ ಕೋಶ, ಬಲ್ಕ್ ಡೇಟಾ (ಕೋಶಗಳನ್ನೆಲ್ಲ ಒಟ್ಟಿಗೆ ಸೇರಿಸಿ ಅಳೆದದ್ದು) ಇದ್ದರೆ ಹಂತ 6ರಲ್ಲಿ ಬರುವ ಎಬಿಸಿ ಮಾದರಿ. ಹಲವು ಬಗೆಯ ಕೋಶಗಳಿವೆ, ಒಂದೇ ಕೋಶದಿಂದ ಅಟ್ಯಾಕ್ ಮತ್ತು ಆರ್‌ಎನ್‌ಎ ಎರಡೂ ಅಳೆದಿದ್ದೀರಿ ಅಂದರೆ ಕೋರಿಲೇಷನ್ ವಿಧಾನ, ಅಂದರೆ ಪೀಕ್ ಮತ್ತು ಜೀನ್ ಒಟ್ಟಿಗೇ ಏರಿಳಿಯುತ್ತವೆಯಾ ಅಂತ ನೋಡುವುದು. ನೂರಾರು ಜನರ ಜೀನೋಟೈಪ್ ಮತ್ತು ಅಭಿವ್ಯಕ್ತಿ ಇದ್ದರೆ ಇಕ್ಯೂಟಿಎಲ್, ಅಂದರೆ ಯಾವ ಡಿಎನ್‌ಎ ವ್ಯತ್ಯಾಸದ ಜೊತೆ ಯಾವ ಜೀನ್‌ನ ಅಭಿವ್ಯಕ್ತಿ ಬದಲಾಗುತ್ತದೆ ಎಂಬ ಲೆಕ್ಕ. ಜಿಟೆಕ್ಸ್ ಯೋಜನೆಯ 8ನೇ ಆವೃತ್ತಿಯಲ್ಲಿ 838 ದಾನಿಗಳ 49 ಅಂಗಾಂಶಗಳ ಇಕ್ಯೂಟಿಎಲ್ ಲೆಕ್ಕ ಸಿದ್ಧವಾಗಿ ಸಿಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಇದು: ಕೆ562ನಂಥ ಒಂದೇ ಕೋಶ ಸಾಲಿನ ಡೇಟಾ ತಂದು ಕೋರಿಲೇಷನ್ ಹುಡುಕುವುದು. ಕೋಶಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ ಇದ್ದಾಗ ಏರಿಳಿತವೇ ಇರುವುದಿಲ್ಲ. ಏರಿಳಿತ ಇಲ್ಲದ ಕಡೆ ಕೋರಿಲೇಷನ್ ಏನನ್ನು ಹಿಡಿಯುತ್ತದೆ? ಬರೀ ಗದ್ದಲ, ಇಲ್ಲವೇ ಕೋಶ ವಿಭಜನೆಯ ಹಂತಗಳ ವ್ಯತ್ಯಾಸ.

ಡಿಎನ್‌ಎ ಅಕ್ಷರಗಳನ್ನು ಓದಿ ಅಭಿವ್ಯಕ್ತಿಯನ್ನು ಊಹಿಸುವ ಎನ್‌ಫಾರ್ಮರ್‌ನಂಥ ಡೀಪ್ ಲರ್ನಿಂಗ್ ಮಾದರಿಗಳ ಬಗ್ಗೆಯೂ ಕೇಳುತ್ತಾರೆ. ಅದು ಒಂದು ಸಲಕ್ಕೆ 1,96,608 ಬೇಸ್‌ಗಳನ್ನು, ಅಂದರೆ ಡಿಎನ್‌ಎ ಅಕ್ಷರಗಳನ್ನು, ಓದುತ್ತದೆ. ಜೀನ್‌ನ ಆರಂಭವನ್ನು ನಡುವೆ ಇಟ್ಟರೆ ಆಚೆ ಈಚೆ ಒಂದು ಲಕ್ಷದೊಳಗೆ. ಅದಕ್ಕಿಂತ ದೂರದ ಎನ್‌ಹ್ಯಾನ್ಸರ್ ಅದರ ಕಣ್ಣಿಗೇ ಬೀಳುವುದಿಲ್ಲ. ಮೊದಲ ಸಲಕ್ಕೆ ಇದನ್ನು ಬದಿಗಿಡಿ.

## ಹಂತ 2: ಜೀನೋಮ್ ಆವೃತ್ತಿ ಮತ್ತು ಟಿಎಸ್‌ಎಸ್ ಪಟ್ಟಿ

ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹೆಚ್ಚಿನ ಅನಾಹುತ ಆಗುವುದು ಇಲ್ಲೇ, ಅದೂ ಸದ್ದಿಲ್ಲದೆ.

ಮೊದಲು ಆವೃತ್ತಿ. ಪೀಕ್ ಫೈಲ್ ಮನುಷ್ಯನ ಜೀನೋಮ್‌ನ ಎಚ್‌ಜಿ38 ಆವೃತ್ತಿಯಲ್ಲಿ, ಹೈ-ಸಿ ಫೈಲ್ ಅದಕ್ಕೂ ಹಳೆಯ ಎಚ್‌ಜಿ19ರಲ್ಲಿ ಇರುವುದು ಮಾಮೂಲಿ, ಯಾಕೆಂದರೆ ಹಳೆಯ ಡೇಟಾ ಬಹಳಷ್ಟು ಎಚ್‌ಜಿ19ರಲ್ಲೇ ಇದೆ. ಎರಡನ್ನೂ ಬೆರೆಸಿದರೂ ಟೂಲ್ ತಕರಾರು ಮಾಡುವುದಿಲ್ಲ. ಸಂಖ್ಯೆಗಳು ಸಂಖ್ಯೆಗಳೇ. ಉತ್ತರ ಮಾತ್ರ ಪೂರ್ತಿ ತಪ್ಪು. ಪ್ರತಿ ಫೈಲ್‌ನ ಹೆಸರಿನಲ್ಲೇ ಆವೃತ್ತಿ ಬರೆದಿಡಿ. ಹಾಗೆಯೇ ಒಂದು ಫೈಲ್‌ನಲ್ಲಿ ಕ್ರೋಮೋಸೋಮ್ ಹೆಸರಿನ ಮುಂದೆ ‘ಸಿಎಚ್‌ಆರ್’ ಇದ್ದು ಇನ್ನೊಂದರಲ್ಲಿ ಬರೀ ಅಂಕೆ ಇದ್ದರೆ ಒಂದೂ ಜೋಡಿ ಸಿಗುವುದಿಲ್ಲ. ಖಾಲಿ ಫಲಿತಾಂಶ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ಎರಡನೆಯದು ಟಿಎಸ್‌ಎಸ್, ಅಂದರೆ ಜೀನ್‌ನ ನಕಲು ಶುರುವಾಗುವ ಬಿಂದು. ಜಿಟಿಎಫ್ ಫೈಲ್‌ನಲ್ಲಿ ಆರಂಭ, ಅಂತ್ಯ ಅಂತ ಎರಡು ಕಾಲಂ ಇವೆ. ಆರಂಭ ಅಂದರೆ ಯಾವಾಗಲೂ ಚಿಕ್ಕ ಸಂಖ್ಯೆ, ಅಷ್ಟೇ. ಪ್ಲಸ್ ಎಳೆಯ ಜೀನ್‌ಗೆ ಅದೇ ಟಿಎಸ್‌ಎಸ್. ಮೈನಸ್ ಎಳೆಯ ಜೀನ್‌ಗೆ ಟಿಎಸ್‌ಎಸ್ ಇರುವುದು ಅಂತ್ಯದ ಕಾಲಂನಲ್ಲಿ. ಇದನ್ನು ಮರೆತರೆ ಸುಮಾರು ಅರ್ಧದಷ್ಟು ಜೀನ್‌ಗಳ ತಲೆ ಬಾಲ ಅದಲು ಬದಲಾಗುತ್ತದೆ.

ಪರೀಕ್ಷೆಗೆ ಬಿಸಿಎಲ್11ಎ ಜೀನ್ ತೆಗೆದುಕೊಳ್ಳಿ. 2ನೇ ಕ್ರೋಮೋಸೋಮ್, ಮೈನಸ್ ಎಳೆ, ಉದ್ದ 1 ಲಕ್ಷ ಬೇಸ್‌ಗಿಂತ ಸ್ವಲ್ಪ ಜಾಸ್ತಿ. ಇದರ ಎರಡನೇ ಇಂಟ್ರಾನ್‌ನಲ್ಲಿ (ಜೀನ್‌ನೊಳಗೇ ಇದ್ದರೂ ಪ್ರೋಟೀನ್‌ಗೆ ಸೇರದ ಭಾಗ) ‘+58’ ಎಂಬ ಎನ್‌ಹ್ಯಾನ್ಸರ್ ಇದೆ. ಹೆಸರೇ ಹೇಳುವಂತೆ ಟಿಎಸ್‌ಎಸ್‌ನಿಂದ 58 ಕಿಲೋಬೇಸ್ (58 ಸಾವಿರ ಬೇಸ್) ಕೆಳಗೆ. ನಮ್ಮ ದೇಶದ ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್ ಕಾಯಿಲೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಜೆವಿ ಚಿಕಿತ್ಸೆ ಕತ್ತರಿ ಹಾಕುವುದು ಇದೇ ತುಣುಕಿಗೆ. ನಿಮ್ಮ ಕೋಡ್‌ನಲ್ಲಿ ಈ ತುಣುಕಿಗೂ ಬಿಸಿಎಲ್11ಎ ಟಿಎಸ್‌ಎಸ್‌ಗೂ ಇರುವ ದೂರ ಕೇಳಿ. 58ರ ಆಸುಪಾಸು ಬಂದರೆ ಸರಿ. 44ರ ಆಸುಪಾಸು ಬಂದರೆ ಜೀನ್‌ನ ಬಾಲದಿಂದ ಅಳೆದಿದ್ದೀರಿ.

ಒಂದು ಜೀನ್‌ಗೆ ಹಲವು ಟ್ರಾನ್ಸ್‌ಕ್ರಿಪ್ಟ್ (ಆರ್‌ಎನ್‌ಎ ನಕಲಿನ ರೂಪಗಳು) ಇದ್ದರೆ ಎಲ್ಲವನ್ನೂ ತುಂಬಬೇಡಿ. ಪ್ರತಿ ಜೀನ್‌ಗೆ ಒಂದು ಪ್ರಮುಖ ಟ್ರಾನ್ಸ್‌ಕ್ರಿಪ್ಟ್ ಗುರುತಿಸಿರುವ ಮೇನ್ ಸೆಲೆಕ್ಟ್ ಪಟ್ಟಿಯಿಂದ ಒಂದನ್ನು ಆರಿಸಿ, ಅಥವಾ ನಿಮ್ಮ ಕೋಶದಲ್ಲಿ ನಿಜಕ್ಕೂ ತೆರೆದಿರುವ ಪ್ರೊಮೋಟರ್ (ಟಿಎಸ್‌ಎಸ್ ಬಳಿಯ, ಜೀನ್ ಶುರು ಮಾಡುವ ಡಿಎನ್‌ಎ) ಯಾವುದೋ ಅದನ್ನು. ಮತ್ತೆ, ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತದೆ, ಜಿಟಿಎಫ್ ಒಂದರಿಂದ. ಪೀಕ್-ಜೀನ್ ದೂರಕ್ಕೆ ಒಂದು ಬೇಸ್ ಏನೂ ಅಲ್ಲ. ಆದರೆ ಮುಂದೆ ಒಂದೇ ಅಕ್ಷರದ ರೂಪಾಂತರಗಳನ್ನು ತಾಳೆ ಹಾಕುವಾಗ ಆ ಒಂದೇ ಬೇಸ್ ಕಾಟ ಕೊಡುತ್ತದೆ.

ಕೊನೆಗೆ, ನಿಮ್ಮ ಕೋಶದಲ್ಲಿ ಅಭಿವ್ಯಕ್ತಿಯೇ ಇಲ್ಲದ ಜೀನ್‌ಗಳನ್ನು ಈಗಲೇ ತೆಗೆದುಹಾಕಿ.

## ಹಂತ 3: ಡೇಟಾ ಗಟ್ಟಿಯಾಗಿದೆಯಾ ನೋಡಿ

ಎನ್‌ಕೋಡ್ ಹಾಕಿಕೊಟ್ಟ ಅಳತೆಗಳು ಸಾಕು. ಎಚ್‌ಜಿ38ರಲ್ಲಿ ಟಿಎಸ್‌ಎಸ್ ಎನ್‌ರಿಚ್‌ಮೆಂಟ್ (ಹಿನ್ನೆಲೆಗಿಂತ ಟಿಎಸ್‌ಎಸ್ ಬಳಿ ಸಿಗ್ನಲ್ ಎಷ್ಟು ಪಟ್ಟು ಎಂಬುದು) 7ಕ್ಕಿಂತ ಮೇಲಿದ್ದರೆ ಒಳ್ಳೆಯದು, 5ಕ್ಕಿಂತ ಕೆಳಗಿದ್ದರೆ ಆ ಸ್ಯಾಂಪಲ್ ಬಿಡಿ. ಪೀಕ್‌ಗಳೊಳಗೆ ಬೀಳುವ ರೀಡ್‌ಗಳ ಪಾಲು 0.3 ದಾಟಬೇಕು, 0.2 ಆದರೂ ನಡೆಯುತ್ತದೆ. ಮೈಟೊಕಾಂಡ್ರಿಯಾದ ರೀಡ್, ಒಂದೇ ಚೂರಿನ ನಕಲು ರೀಡ್, ಬ್ಲ್ಯಾಕ್‌ಲಿಸ್ಟ್ ಜಾಗ ಎಲ್ಲವನ್ನೂ ತೆಗೆಯಿರಿ.

ಕ್ಯಾನ್ಸರ್ ಕೋಶಗಳಿಗೆ ಒಂದು ಮಾತು. ಕೆ562ನಲ್ಲಿ ಹಲವು ಕ್ರೋಮೋಸೋಮ್‌ಗಳಿಗೆ ಮೂರು ಪ್ರತಿಗಳಿವೆ, ಕೆಲವು ಭಾಗಗಳು ಇನ್ನೂ ಹೆಚ್ಚು ಸಲ ನಕಲಾಗಿವೆ. ಅಲ್ಲಿ ಸಿಗ್ನಲ್ ಜಾಸ್ತಿ ಕಂಡರೆ ಅದು ಎನ್‌ಹ್ಯಾನ್ಸರ್‌ನ ಬಲ ಅಲ್ಲ, ಪ್ರತಿಗಳ ಸಂಖ್ಯೆ. ಬಲವಾದ ಪೀಕ್‌ಗಳೆಲ್ಲ ಒಂದೇ ಕಡೆ ಗುಂಪುಗೂಡಿದ್ದರೆ ಅನುಮಾನ ಪಡಿ.

## ಹಂತ 4: ಪೀಕ್ ಪಟ್ಟಿ ಕಟ್ಟಿ

ಹಲವು ಬಗೆಯ ಕೋಶಗಳಿದ್ದರೆ ಎಲ್ಲ ರೀಡ್‌ಗಳನ್ನೂ ಒಟ್ಟಿಗೆ ಸುರಿದು ಪೀಕ್ ಹುಡುಕಬೇಡಿ. ಸಂಖ್ಯೆಯಲ್ಲಿ ಕಮ್ಮಿ ಇರುವ ಕೋಶಗಳ ಪೀಕ್‌ಗಳು ಮುಳುಗಿಹೋಗುತ್ತವೆ. ಪ್ರತಿ ಗುಂಪಿಗೂ ಬೇರೆಯಾಗಿ ಹುಡುಕಿ, ಆಮೇಲೆ ಕೂಡಿಸಿ.

ಕೂಡಿಸುವಾಗ ಇನ್ನೊಂದು ಗುಂಡಿ ಇದೆ. ಬೆಡ್‌ಟೂಲ್ಸ್‌ನ ಮರ್ಜ್ ಆದೇಶ ಒಂದಕ್ಕೊಂದು ತಾಗುವ ಪೀಕ್‌ಗಳನ್ನೆಲ್ಲ ಸೇರಿಸುತ್ತಾ ಹೋಗಿ ಹಲವು ಸಾವಿರ ಬೇಸ್ ಉದ್ದದ ಒಂದು ಹೆಬ್ಬಾವನ್ನು ಮಾಡಿಬಿಡುತ್ತದೆ. ಅದರೊಳಗೆ ಮೂರು ಬೇರೆ ಬೇರೆ ಎನ್‌ಹ್ಯಾನ್ಸರ್ ಇರಬಹುದು. ಆರ್ಚ್‌ಆರ್ ಮಾಡುವಂತೆ 501 ಬೇಸ್‌ಗಳ ಸ್ಥಿರ ಅಗಲ ಇಟ್ಟುಕೊಂಡು, ಒಂದರ ಮೇಲೊಂದು ಬಿದ್ದಾಗ ಬಲವಾದ್ದನ್ನು ಉಳಿಸಿಕೊಳ್ಳುವುದು ಮೇಲು. ಪಟ್ಟಿ ಮುಗಿದ ಮೇಲೆ ಪೀಕ್ ಉದ್ದಗಳ ಒಂದು ಹಿಸ್ಟೊಗ್ರಾಮ್ ಹಾಕಿ ನೋಡಿ. ಬಾಲ ಉದ್ದವಾಗಿದ್ದರೆ ಹಿಂದಕ್ಕೆ ಹೋಗಿ.

## ಹಂತ 5: ಮೊದಲು ಹತ್ತಿರದ ಜೀನ್‌ಗೆ ಜೋಡಿಸಿ

ದಯವಿಟ್ಟು ಈ ಹಂತ ಹಾರಿಸಬೇಡಿ. ಪ್ರತಿ ಪೀಕ್‌ಗೂ ಅತಿ ಹತ್ತಿರದ, ಅಭಿವ್ಯಕ್ತಿ ಇರುವ ಜೀನ್ ಯಾವುದು ಅಂತ ಬರೆದಿಡಿ. ಬೆಡ್‌ಟೂಲ್ಸ್‌ನ ಕ್ಲೋಸೆಸ್ಟ್ ಆದೇಶ ಒಂದೇ ಸಾಲಿನಲ್ಲಿ ಇದನ್ನು ಕೊಡುತ್ತದೆ. ಇದು ಒರಟು ಊಹೆ, ನಿಜ. ಆದರೆ ಸೋಲಿಸಲು ಕಷ್ಟವಾದ ಊಹೆ. ಮುಂದಿನ ಯಾವ ವಿಧಾನವಾದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತದೆ ಅಂತ ತೋರಿಸಲಾಗದಿದ್ದರೆ ಅಷ್ಟು ಕಂಪ್ಯೂಟರ್ ಓಡಿಸಿದ್ದು ದಂಡ.

ಇದನ್ನೇ ಕೊನೆಯ ಉತ್ತರ ಮಾಡಿಕೊಳ್ಳುವುದೂ ತಪ್ಪು. ಬೊಜ್ಜಿಗೆ ತಳಕು ಹಾಕಿಕೊಂಡ ರೂಪಾಂತರಗಳು ಎಫ್‌ಟಿಒ ಜೀನ್‌ನ ಇಂಟ್ರಾನ್ ಒಳಗೇ ಇವೆ. ಆದರೆ 2014 ಮತ್ತು 2015ರಲ್ಲಿ ಬಂದ ಕೆಲಸಗಳು ಆ ಜಾಗದ ಎನ್‌ಹ್ಯಾನ್ಸರ್‌ಗಳನ್ನು ದೂರದ ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ಜೀನ್‌ಗಳಿಗೆ ಜೋಡಿಸಿದವು. ಕೈಕಾಲು ಬೆಳೆಯುವಾಗ ಎಸ್‌ಎಚ್‌ಎಚ್ ಜೀನ್‌ನ್ನು ನಡೆಸುವ ಎನ್‌ಹ್ಯಾನ್ಸರ್ ಇರುವುದು ಸುಮಾರು 10 ಲಕ್ಷ ಬೇಸ್ ಆಚೆ, ಎಲ್‌ಎಂಬಿಆರ್1 ಎಂಬ ಬೇರೊಂದು ಜೀನ್‌ನ ಹೊಟ್ಟೆಯಲ್ಲಿ.

## ಹಂತ 6: ಎಬಿಸಿ ಅಂಕ ಲೆಕ್ಕ ಹಾಕಿ

2019ರಲ್ಲಿ ಪ್ರಕಟವಾದ ಈ ಮಾದರಿಯ ತರ್ಕ ಸರಳ. ತುಣುಕಿನ ಚಟುವಟಿಕೆಯನ್ನು ಜೀನ್ ಜೊತೆಗಿನ ಸಂಪರ್ಕದಿಂದ ಗುಣಿಸಿ. ಅದೇ ಜೀನ್‌ನ ಸುತ್ತ 50 ಲಕ್ಷ ಬೇಸ್ ಒಳಗಿನ ಎಲ್ಲ ತುಣುಕುಗಳ ಗುಣಲಬ್ಧಗಳ ಮೊತ್ತದಿಂದ ಭಾಗಿಸಿ. ಚಟುವಟಿಕೆ ಅಂದರೆ ಅಟ್ಯಾಕ್ ಮತ್ತು ಎಚ್3ಕೆ27ಎಸಿ ಸಿಗ್ನಲ್‌ಗಳ ಗುಣಲಬ್ಧದ ವರ್ಗಮೂಲ. ಸಂಪರ್ಕ ಬರುವುದು ಹೈ-ಸಿಯಿಂದ.

ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆಗಳು. ಪ್ರೊಮೋಟರ್: ಅಟ್ಯಾಕ್ 64, ಎಚ್3ಕೆ27ಎಸಿ 36, ಚಟುವಟಿಕೆ 48, ಸಂಪರ್ಕ 1, ಗುಣಲಬ್ಧ 48. ದೂರದ ತುಣುಕು ಒಂದು: 16 ಮತ್ತು 25, ಚಟುವಟಿಕೆ 20, ಸಂಪರ್ಕ 0.1, ಗುಣಲಬ್ಧ 2. ಹತ್ತಿರದ ತುಣುಕು ಎರಡು: 9 ಮತ್ತು 4, ಚಟುವಟಿಕೆ 6, ಸಂಪರ್ಕ 0.5, ಗುಣಲಬ್ಧ 3. ತುಣುಕು ಮೂರು: 100 ಮತ್ತು 1, ಚಟುವಟಿಕೆ 10, ಸಂಪರ್ಕ 0.05, ಗುಣಲಬ್ಧ 0.5. ಒಟ್ಟು 53.5. ಅಂಕಗಳು ಕ್ರಮವಾಗಿ ತುಣುಕು ಒಂದಕ್ಕೆ 0.037, ಎರಡಕ್ಕೆ 0.056, ಮೂರಕ್ಕೆ 0.009.

ಮೂರನೆಯದನ್ನು ಗಮನಿಸಿ. ಅಟ್ಯಾಕ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಪೀಕ್ ಅದೇ. ಆದರೆ ಎಚ್3ಕೆ27ಎಸಿ ಇಲ್ಲವೇ ಇಲ್ಲ ಅನ್ನಬೇಕು. ಡಿಎನ್‌ಎ ಮಡಿಕೆಗಳನ್ನು ಹಿಡಿದಿಡುವ ಸಿಟಿಸಿಎಫ್ ಪ್ರೋಟೀನ್ ಕೂತ ಜಾಗಗಳು ಎಷ್ಟೋ ಸಲ ಹೀಗೇ ಕಾಣುತ್ತವೆ. ಬರೀ ಅಟ್ಯಾಕ್ ನಂಬಿದ್ದರೆ ಇದಕ್ಕೇ ಮೊದಲ ಸ್ಥಾನ ಕೊಟ್ಟುಬಿಡುತ್ತಿದ್ದಿರಿ.

ನಂಟಿದೆ ಎನ್ನಲು ಅಂಕ ದಾಟಬೇಕಾದ ಕಟ್‌ಆಫ್ ಮೂಲ ಕೆಲಸದಲ್ಲಿ ಸುಮಾರು 0.02, 2021ರ ಕೆಲಸದಲ್ಲಿ 0.015. ನೀವು ಬಳಸುವ ಕೋಡ್ ಆವೃತ್ತಿ ಯಾವುದನ್ನು ಹೇಳುತ್ತದೋ ಅದನ್ನೇ ಇಟ್ಟುಕೊಳ್ಳಿ. ಒಂದರ ಅಂಕಕ್ಕೆ ಇನ್ನೊಂದರ ಕಟ್‌ಆಫ್ ಹಾಕಬೇಡಿ. ನಿಮ್ಮ ಕೋಶದ ಹೈ-ಸಿ ಇಲ್ಲವೆಂದು ಕೈ ಚೆಲ್ಲಬೇಕಿಲ್ಲ. ಹಲವು ಕೋಶಗಳ ಸರಾಸರಿ ಹೈ-ಸಿ ಬಳಸಿದರೂ ಫಲಿತಾಂಶ ಹೆಚ್ಚೇನೂ ಕೆಡುವುದಿಲ್ಲ. ನಿಮ್ಮದೇ ಕೋಶದ ಎಚ್3ಕೆ27ಎಸಿ ಮಾತ್ರ ಇರಲೇಬೇಕು.

ಎಲ್ಲ ಕೋಶಗಳಲ್ಲೂ ಸದಾ ನಡೆಯುವ ಮನೆಗೆಲಸದ ಜೀನ್‌ಗಳ ವಿಷಯದಲ್ಲಿ ಈ ಮಾದರಿ ಎಡವುತ್ತದೆ. ಅವು ದೂರದ ಎನ್‌ಹ್ಯಾನ್ಸರ್‌ಗಳಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ, ಮಾದರಿಗೆ ಅದು ಗೊತ್ತಿಲ್ಲ. ಅವಕ್ಕೊಂದು ಗುರುತು ಹಾಕಿ ಬೇರೆ ಇಡಿ.

## ಹಂತ 7: ಒಂಟಿ ಕೋಶಗಳ ಡೇಟಾದಲ್ಲಿ ಕೋರಿಲೇಷನ್

ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಹೋಗೋಣ.

ಒಂದೊಂದು ಕೋಶದಲ್ಲಿ ಹೆಚ್ಚಿನ ಪೀಕ್‌ಗಳ ಎಣಿಕೆ ಸೊನ್ನೆ. ಒಂದೋ ಎರಡೋ ಇದ್ದರೆ ಪುಣ್ಯ. ಹಾಗಾಗಿ ಒಂದೇ ಥರದ ಕೋಶಗಳನ್ನು ಗುಂಪು ಮಾಡಿ, ಗುಂಪಿನ ಮೊತ್ತಗಳ ಮೇಲೆ ಕೋರಿಲೇಷನ್ ಹಾಕುವುದು ಒಂದು ದಾರಿ. ಆದರೆ ಒಂದೇ ಕೋಶ ಹತ್ತು ಗುಂಪುಗಳಲ್ಲಿ ಬಂದರೆ ಆ ಗುಂಪುಗಳು ಸ್ವತಂತ್ರವಲ್ಲ, ಪಿ-ವ್ಯಾಲ್ಯೂ (ನಂಟಿಲ್ಲದಿದ್ದರೂ ಆಕಸ್ಮಿಕವಾಗಿ ಹೀಗೆ ಕಾಣುವ ಸಂಭವ) ಸುಮ್ನೆ ಚಿಕ್ಕದಾಗುತ್ತದೆ. ಗುಂಪುಗಳ ನಡುವೆ ಹಂಚಿಹೋದ ಕೋಶಗಳು ಕಮ್ಮಿ ಇರುವಂತೆ ನೋಡಿಕೊಳ್ಳಿ.

ನಿಜವಾದ ತೊಂದರೆ ಬೇರೆ. ರಕ್ತದ ಸ್ಯಾಂಪಲ್‌ನಲ್ಲಿ ಟಿ ಕೋಶ, ಬಿ ಕೋಶ, ಮೊನೊಸೈಟ್ ಎಲ್ಲ ಇವೆ ಅಂದುಕೊಳ್ಳಿ. ಟಿ ಕೋಶದಲ್ಲಿ ಮಾತ್ರ ತೆರೆಯುವ ಯಾವುದೇ ಪೀಕ್, ಟಿ ಕೋಶದಲ್ಲಿ ಮಾತ್ರ ಅಭಿವ್ಯಕ್ತವಾಗುವ ಯಾವುದೇ ಜೀನ್ ಜೊತೆ ಕೋರಿಲೇಟ್ ಆಗಿಯೇ ಆಗುತ್ತದೆ. ಎರಡಕ್ಕೂ ನಂಟೇ ಇರಬೇಕಿಲ್ಲ. ಎರಡೂ ಟಿ ಕೋಶದವು, ಅಷ್ಟೇ.

ಇದನ್ನು ಹಿಡಿಯುವ ಸುಲಭ ಪರೀಕ್ಷೆ ಹೀಗಿದೆ. ಪ್ರತಿ ಜೀನ್‌ಗೂ ಬೇರೆ ಕ್ರೋಮೋಸೋಮ್‌ನ ಪೀಕ್‌ಗಳನ್ನು ತೆಗೆದುಕೊಂಡು ಅದೇ ಲೆಕ್ಕ ಓಡಿಸಿ. ಅವುಗಳಲ್ಲಿ ನಿಜವಾದ ಜೋಡಿಗಳು ಇಲ್ಲ ಅನ್ನುವಷ್ಟು ಕಮ್ಮಿ ಇರಬೇಕು. ಅಲ್ಲೂ ಹತ್ತಿರದ ಪೀಕ್‌ಗಳಷ್ಟೇ ಪಾಲು ಕಟ್‌ಆಫ್ ದಾಟುತ್ತಿದ್ದರೆ ನೀವು ಹಿಡಿದಿರುವುದು ಎನ್‌ಹ್ಯಾನ್ಸರ್‌ಗಳನ್ನಲ್ಲ, ಕೋಶಗಳ ಬಗೆಯನ್ನು. ಆಗ ಒಂದೇ ಬಗೆಯ ಕೋಶದೊಳಗೆ ಲೆಕ್ಕ ಮಾಡಿ, ಅಥವಾ ಕೋಶದ ಬಗೆಯನ್ನು ಮಾದರಿಯಲ್ಲಿ ಸೇರಿಸಿ. ರೀಡ್‌ಗಳ ಒಟ್ಟು ಎಣಿಕೆ, ದಾನಿ, ಬ್ಯಾಚ್ ಇವನ್ನೂ ಸೇರಿಸಿ.

ಸಿಗ್ನ್ಯಾಕ್‌ನ ಲಿಂಕ್‌ಪೀಕ್ಸ್ ಪ್ರತಿ ಪೀಕ್‌ಗೂ ಜಿ ಮತ್ತು ಸಿ ಅಕ್ಷರಗಳ ಪ್ರಮಾಣ, ತೆರೆದಿರುವ ಮಟ್ಟ, ಉದ್ದ ಹೊಂದುವ ಹಿನ್ನೆಲೆ ಪೀಕ್‌ಗಳನ್ನು ಆರಿಸಿ ಹೋಲಿಸುತ್ತದೆ. ಒಳ್ಳೆಯ ಏರ್ಪಾಡು. ಆದರೆ ಅದರ ಡಿಫಾಲ್ಟ್ ಪಿ-ವ್ಯಾಲ್ಯೂ 0.05. ಲಕ್ಷಾಂತರ ಜೋಡಿ ಪರೀಕ್ಷಿಸುವಾಗ ಅದನ್ನೇ ಇಟ್ಟುಕೊಂಡರೆ ಕಸವೇ ಜಾಸ್ತಿ. ಬಹುಪರೀಕ್ಷೆಗೆ ತಿದ್ದುಪಡಿ ನೀವೇ ಮಾಡಬೇಕು. ದೂರದ ಮಿತಿ ಡಿಫಾಲ್ಟ್ ಆಗಿ 5 ಲಕ್ಷ ಬೇಸ್, ಆರ್ಚ್‌ಆರ್‌ನಲ್ಲಿ ಎರಡೂವರೆ ಲಕ್ಷ.

ಒಂದೇ ಕೋಶದಿಂದ ಎರಡನ್ನೂ ಅಳೆಯದೆ, ಬೇರೆ ಬೇರೆ ಪ್ರಯೋಗಗಳ ಅಟ್ಯಾಕ್ ಮತ್ತು ಆರ್‌ಎನ್‌ಎಯನ್ನು ಕಂಪ್ಯೂಟರ್‌ನಲ್ಲಿ ಬೆಸೆದವರು ಇನ್ನೂ ಎಚ್ಚರವಾಗಿರಬೇಕು. ಬೆಸೆಯಲು ಸಾಮಾನ್ಯವಾಗಿ ಬಳಸುವುದು ‘ಜೀನ್ ಆಕ್ಟಿವಿಟಿ’ ಅಂಕ. ಅದು ಜೀನ್‌ನ ಆಸುಪಾಸಿನ ಪೀಕ್‌ಗಳ ಮೊತ್ತ. ಹತ್ತಿರದ ಪೀಕ್ ತೆರೆದರೆ ಜೀನ್ ಏರುತ್ತದೆ ಅಂತ ಒಪ್ಪಿಕೊಂಡೇ ಬೆಸೆದಿದ್ದೀರಿ. ಆಮೇಲೆ ಹತ್ತಿರದ ಪೀಕ್‌ಗೂ ಜೀನ್‌ಗೂ ಕೋರಿಲೇಷನ್ ಸಿಕ್ಕಿತು ಅಂದರೆ ಅದು ಸಿಕ್ಕಿದ್ದಲ್ಲ, ನೀವೇ ಇಟ್ಟಿದ್ದು.

ಶುಭ ಸೂಚನೆ ಒಂದಿದೆ. ಕಟ್‌ಆಫ್ ದಾಟಿದ ಜೋಡಿಗಳ ಪಾಲನ್ನು ದೂರದ ವಿರುದ್ಧ ಗ್ರಾಫ್ ಹಾಕಿ. ಟಿಎಸ್‌ಎಸ್ ಬಳಿ ಎತ್ತರವಿದ್ದು ದೂರ ಹೋದಂತೆ ಸರ್‍ರನೆ ಇಳಿಯಬೇಕು. ಗೆರೆ ಮಟ್ಟಸವಾಗಿದ್ದರೆ ಮುಂದೆ ಹೋಗಬೇಡಿ.

## ಹಂತ 8: ಕ್ರಿಸ್ಪರ್ ಉತ್ತರಗಳ ಜೊತೆ ತಾಳೆ ನೋಡಿ

2019ರ ಒಂದು ಪ್ರಯೋಗದಲ್ಲಿ ಕೆ562 ಕೋಶಗಳಲ್ಲಿ 5,920 ಅಭ್ಯರ್ಥಿ ಎನ್‌ಹ್ಯಾನ್ಸರ್‌ಗಳನ್ನು ಅದುಮಿ ನೋಡಿದರು. ಸಿಕ್ಕಿದ್ದು 664 ಜೋಡಿಗಳು. ಅವುಗಳಲ್ಲೂ ಗಟ್ಟಿ ಅನ್ನಬಹುದಾದವು 470. ಚೆನ್ನಾಗಿ ಆರಿಸಿದ ಅಭ್ಯರ್ಥಿಗಳಲ್ಲೇ ಈ ಕಥೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ಪೀಕ್‌ಗೂ ಐದಾರು ಜೀನ್ ಅಂಟಿಕೊಂಡಿದ್ದರೆ ಏನೋ ಎಡವಟ್ಟಾಗಿದೆ.

ತಾಳೆ ನೋಡುವಾಗ ಪ್ರಿಸಿಷನ್-ರಿಕಾಲ್ ಗೆರೆ (ಹೇಳಿದ್ದರಲ್ಲಿ ಸರಿ ಎಷ್ಟು, ಸರಿಯಾದವುಗಳಲ್ಲಿ ಹಿಡಿದದ್ದೆಷ್ಟು) ಬಳಸಿ. ನಂಟಿಲ್ಲದ ಜೋಡಿಗಳೇ ರಾಶಿ ಇರುವ ಕಡೆ ಆರ್‌ಒಸಿ ಗೆರೆ (ಸರಿಯಾಗಿ ಹಿಡಿದ ಪಾಲನ್ನು ತಪ್ಪಾಗಿ ಹಿಡಿದ ಪಾಲಿನ ಎದುರು ಇಡುವ ಗ್ರಾಫ್) ಎಲ್ಲವನ್ನೂ ಚೆಂದವಾಗಿ ತೋರಿಸುತ್ತದೆ. ಅದೇ ಗ್ರಾಫ್‌ನಲ್ಲಿ ಹಂತ 5ರ ಹತ್ತಿರದ ಜೀನ್ ಊಹೆಯನ್ನೂ ಹಾಕಿ. ಆಮೇಲೆ ದೂರದ ಪ್ರಕಾರ ಭಾಗ ಮಾಡಿ: 10 ಕಿಲೋಬೇಸ್ ಒಳಗೆ, 10ರಿಂದ 100, 100ಕ್ಕಿಂತ ಆಚೆ. ಒಟ್ಟು ಅಂಕ ಚೆನ್ನಾಗಿದ್ದು ದೂರದ ಭಾಗದಲ್ಲಿ ಕುಸಿದಿದ್ದರೆ ನಿಮ್ಮ ವಿಧಾನ ದೂರವನ್ನು ಮಾತ್ರ ಅಳೆಯುತ್ತಿದೆ ಎಂದರ್ಥ. ಟಿಎಸ್‌ಎಸ್‌ಗೆ ಸಾವಿರ ಬೇಸ್‌ಗಿಂತ ಹತ್ತಿರದ ತುಣುಕುಗಳನ್ನು ತಾಳೆಯಿಂದ ಬಿಡಿ. ಅಲ್ಲಿ ಕ್ರಿಸ್ಪರ್ ಅದುಮಿದ್ದು ಪ್ರೊಮೋಟರನ್ನೇ ಇರಬಹುದು.

8ನೇ ಕ್ರೋಮೋಸೋಮ್ ಆರಿಸಿದ್ದು ಯಾಕೆ ಅಂದರೆ ಎಂವೈಸಿ ಜೀನ್ ಅಲ್ಲಿದೆ. 2016ರಲ್ಲಿ ಕ್ರಿಸ್ಪರ್‌ನಿಂದ ಕೆ562ನಲ್ಲಿ ಇದರ ಏಳು ಎನ್‌ಹ್ಯಾನ್ಸರ್‌ಗಳು ಸಿಕ್ಕವು. ಅತಿ ದೂರದ್ದು 19 ಲಕ್ಷ ಬೇಸ್ ಆಚೆ. 5 ಲಕ್ಷದ ಮಿತಿ ಹಾಕಿದ ಯಾವ ಲೆಕ್ಕಕ್ಕೂ ಅದು ಸಿಗುವುದಿಲ್ಲ. ನಿಮ್ಮ ಫಲಿತಾಂಶದಲ್ಲಿ ಏಳರಲ್ಲಿ ಎಷ್ಟು ಬಂದಿವೆ ಅಂತ ಐಜಿವಿಯಲ್ಲಿ ಕಣ್ಣಿಂದಲೇ ನೋಡಿ.

ಕ್ರಿಸ್ಪರ್‌ನಲ್ಲಿ ಪರಿಣಾಮ ಕಾಣದ್ದೆಲ್ಲ ನಂಟಿಲ್ಲದ್ದು ಅಂತಲೂ ಅಲ್ಲ. ಅಭಿವ್ಯಕ್ತಿ ಕಮ್ಮಿ ಇರುವ ಜೀನ್‌ಗಳಲ್ಲಿ ಸಣ್ಣ ಇಳಿತ ಗೊತ್ತೇ ಆಗುವುದಿಲ್ಲ. ಹಾಗಾಗಿ ಪತ್ತೆ ಹಚ್ಚುವಷ್ಟು ಶಕ್ತಿ ಇದ್ದ ಪರೀಕ್ಷೆಗಳನ್ನು ಮಾತ್ರ ‘ಇಲ್ಲ’ ಅಂತ ಎಣಿಸಿ.

## ಹಂತ 9: ಲ್ಯಾಬ್‌ಗೆ ಕೊಡುವ ಪಟ್ಟಿ

ನಿಮ್ಮ ಸ್ವಂತ ಕೋಶಕ್ಕೆ ಬಂದಾಗ ಇದೇ ಕ್ರಮದಲ್ಲಿ ಮಾಡಿ. ಕಾಯಿಲೆಯ ರೂಪಾಂತರಗಳನ್ನು ಸೇರಿಸುವುದಾದರೆ ಮೊದಲು ಕೋಶ ಸರಿಯೇ ಅಂತ ಕೇಳಿಕೊಳ್ಳಿ. ಕೊಬ್ಬಿನ ಕೋಶಗಳ ಮೂಲ ಕೋಶದಲ್ಲಿ ಕೆಲಸ ಮಾಡುವ ಎನ್‌ಹ್ಯಾನ್ಸರನ್ನು ರಕ್ತದ ಡೇಟಾದಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಅರ್ಥವಿಲ್ಲ.

ಪ್ರಯೋಗಕ್ಕೆ ಕಳಿಸುವ ಪಟ್ಟಿಯಲ್ಲಿ ಅಂಕ ಒಂದನ್ನೇ ಬರೆಯಬೇಡಿ. ದೂರ, ನಡುವೆ ಬಿಟ್ಟುಹೋದ ಜೀನ್‌ಗಳೆಷ್ಟು, ಯಾವ ಯಾವ ವಿಧಾನ ಒಪ್ಪಿತು, ಜೀನ್‌ನ ಅಭಿವ್ಯಕ್ತಿ ಮಟ್ಟ ಎಷ್ಟು, ಇಷ್ಟೂ ಇರಲಿ. ಎರಡು ಬೇರೆ ತರ್ಕದ ವಿಧಾನಗಳು ಒಪ್ಪಿದ ಜೋಡಿಗಳನ್ನು ಮೇಲಿಡಿ. ಕೋರಿಲೇಷನ್‌ನ ಎರಡು ಟೂಲ್‌ಗಳು ಒಪ್ಪಿದರೆ ಅದು ಎರಡು ಸಾಕ್ಷಿ ಅಲ್ಲ, ಒಂದೇ. ಪ್ರೊಮೋಟರ್‌ಗೆ ಗುರಿಯಿಟ್ಟ ಗೈಡ್‌ಗಳು (ಕ್ರಿಸ್ಪರ್‌ಗೆ ಜಾಗ ತೋರಿಸುವ ಆರ್‌ಎನ್‌ಎ ತುಣುಕುಗಳು) ಕೆಲವು, ಯಾವುದಕ್ಕೂ ತಾಗದ ಗೈಡ್‌ಗಳು ಕೆಲವು ಜೊತೆಗಿರಲಿ. ನಿಮ್ಮ ಅಂಕದ ಪ್ರಕಾರ ನಂಟಿಲ್ಲದ, ಆದರೆ ಬಲವಾಗಿ ತೆರೆದಿರುವ ನಾಲ್ಕಾರು ಪೀಕ್‌ಗಳನ್ನೂ ಪಟ್ಟಿಗೆ ಸೇರಿಸಿ. ಅವುಗಳನ್ನು ಅದುಮಿದಾಗಲೂ ಜೀನ್ ಇಳಿದರೆ ಕಟ್‌ಆಫ್ ತಪ್ಪಾಗಿದೆ, ಹಂತ 6ಕ್ಕೆ ವಾಪಸ್ ಹೋಗಿ.